ತವರಿನ ತವರು

ಬಹಳ ಹಿಂದೆ, ಬೆಟ್ಟಗಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ ಕಾಲದಲ್ಲಿ, ಹೊಂಗೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಬಡವರಿದ್ದರು, ಸಿರಿವಂತರಿದ್ದರು, ಕುಂಟರಿದ್ದರು, ಜಟ್ಟಿಗಳಿದ್ದರು. ರಾಣಿ ಮಿಂಚಲದೇವಿಯ ನೆಂಟರಲ್ಲದವರು ಮಾತ್ರ ಒಬ್ಬರೂ ಇರಲಿಲ್ಲ.

ಮಿಂಚಲದೇವಿ ಎಂದರೆ ಹೊಂಗೋಟೆಯನ್ನು ಕಟ್ಟಿದವಳು. ಗವಿಮಾರನೆಂಬ ಮಾಂತ್ರಿಕನನ್ನು ಕೋಟೆಯ ದೊಡ್ಡ ಬಾವಿಗೆ ಇಳಿಸಿ ಮೇಲೊಂದು ಚಪ್ಪಡಿ ಮುಚ್ಚಿದವಳು. ಹೇಗೆ ಇಳಿಸಿದಳೋ ಯಾರಿಗೂ ನೆನಪಿರಲಿಲ್ಲ. ಕತ್ತಿಯಿಂದ ಎಂದು ಕೆಲವರು, ಮಂತ್ರದಿಂದ ಎಂದು ಕೆಲವರು. ಆಕೆ ತಮ್ಮ ಮುತ್ತಜ್ಜಿ ಎಂಬುದನ್ನು ಮಾತ್ರ ಯಾರೂ ಮರೆತಿರಲಿಲ್ಲ. ಮಜ್ಜಿಗೆ ಮಾರುವ ಗುರುಪಾದನೂ "ರಾಣಿ ವಂಶದ ಮಜ್ಜಿಗಿ, ರಾಣಿ ವಂಶದ ಮಜ್ಜಿಗಿ" ಎಂದೇ ಕೂಗುತ್ತಿದ್ದ. ಮಜ್ಜಿಗೆ ಮಾತ್ರ ಬರೀ ನೀರು.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವಜ್ಜ ಬರುತ್ತಿದ್ದ. ಮನೆ ಮುಂದೆ ಎತ್ತು ನಿಲ್ಲಿಸಿ, ಗಂಟೆ ಬಾರಿಸಿ, ಆ ಮನೆಯ ವಂಶವನ್ನು ಹಾಡಿ ಹೇಳುತ್ತಿದ್ದ. ಇಂಥವನ ಮಗ ಇಂಥವನು, ಅವನ ಮಗ ಇಂಥವನು. ಹಾಡು ಮುಗಿಯುವ ಹೊತ್ತಿಗೆ ಮನೆಯ ಯಜಮಾನ ಮೆಲ್ಲಗೆ ಕೆಮ್ಮಿ, "ರಾಣೀದು ಬಿಟ್ಟೆಲ್ಲಪಾ" ಎನ್ನುತ್ತಿದ್ದ. ಹೆಳವಜ್ಜ ನಿಟ್ಟುಸಿರು ಬಿಟ್ಟು, ಮೇಲೊಬ್ಬ ರಾಣಿಯ ಮಗನನ್ನು ಸೇರಿಸುತ್ತಿದ್ದ. ಒಂದೊಂದು ಮನೆಯಲ್ಲಿ ಆ ಮಗನಿಗೆ ಒಂದೊಂದು ಹೆಸರು.

ರಾಣಿಗೆ ಮಗನಿದ್ದ ಎನ್ನುವುದಕ್ಕೆ ಜನ ಒಂದು ಗುರುತನ್ನೂ ತೋರಿಸುತ್ತಿದ್ದರು. ಅರಮನೆಯ ಮಹಾದ್ವಾರದ ಹೊಸ್ತಿಲ ಮುಂದೆ ಗಾರೆಯಲ್ಲಿ ಮೂಡಿದ ಒಂದು ಹೆಜ್ಜೆಯಿತ್ತು. ಅದು ಎಷ್ಟು ದೊಡ್ಡದೆಂದರೆ ಅದರೊಳಗೆ ಬೆಕ್ಕು ಮರಿ ಹಾಕಿಕೊಂಡು ಮಲಗಬಹುದಿತ್ತು. ಇಷ್ಟು ದೊಡ್ಡ ಪಾದ ಗಂಡಸಿನದಲ್ಲದೆ ಮತ್ತೆ ಯಾರದು? ಜನ ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ದೂರದಿಂದಲೇ ಕೈಮುಗಿಯುತ್ತಿದ್ದರು. ತುಳಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಕೋಟೆಯ ಹೊರಗೆ ತುಂಗವ್ವ ಮತ್ತು ಅವಳ ಮಗಳು ಸಂಕವ್ವ ಕೌದಿ ಹೊಲಿದು ಬದುಕುತ್ತಿದ್ದರು. ಹಳೇ ಸೀರೆಯ ತುಂಡುಗಳನ್ನು ಕೂಡಿಸಿ ಇವರು ಹೊಲಿದ ಕೌದಿ ಹೊದ್ದರೆ ಮಾಗಿಯ ಚಳಿಯೂ ಹತ್ತಿರ ಬರುತ್ತಿರಲಿಲ್ಲ. ಸಂಕವ್ವ ಒಳ್ಳೆಯ ಹುಡುಗಿ. ಆದರೆ ಓಣಿಯ ಹೆಂಗಸರು ಅವಳಲ್ಲಿ ಮೂರು ಕುಂದು ಹುಡುಕಿದ್ದರು. ಪಾದ ದೊಡ್ಡವು. ಹಟ ದೊಡ್ಡದು. ನಗೆ ಎಲ್ಲಕ್ಕಿಂತ ದೊಡ್ಡದು. ಅವಳು ನಕ್ಕರೆ ಅಟ್ಟದ ಮೇಲಿನ ಗಡಿಗೆಗಳು ಗುಡುಗುಡು ಎನ್ನುತ್ತಿದ್ದವು, ಕಟ್ಟಿದ ಎಮ್ಮೆ ಹಗ್ಗ ಹರಿಯುತ್ತಿತ್ತು. "ಹೆಣ್ಣಮಗಳು ಹಿಂಗ ನಕ್ಕರ ಯಾವ ಗಂಡು ಒಪ್ಪತಾನ?" ಎಂದು ಓಣಿಯವರು ತುಂಗವ್ವನನ್ನು ಕೇಳುತ್ತಿದ್ದರು. ತುಂಗವ್ವ ಪಾಪದ ಹೆಂಗಸು. ಅವಳ ಪಾದಗಳೂ ದೊಡ್ಡವೇ. ತನ್ನ ಪಾದ ಮುಚ್ಚಿಕೊಂಡೇ ಬದುಕಿದವಳು ಮಗಳಿಗೂ ಅದನ್ನೇ ಕಲಿಸಿದ್ದಳು.

"ನೆರಿಗಿ ಕೆಳಗ ಬಿಡವ್ವ ಸಂಕಿ, ಪಾದ ಕಾಣ್ತಾವು" ಎಂದು ದಿನಾ ಹೇಳುತ್ತಿದ್ದಳು.

ಆಗ ಹೊಂಗೋಟೆಯನ್ನು ಆಳುತ್ತಿದ್ದವನು ಉದ್ದಂಡರಾಯ. ತನ್ನ ವಂಶಾವಳಿಯನ್ನು ರಾಣಿಯಿಂದ ತನ್ನ ತನಕ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಅವನಿಗೆ ಆಸೆಯಾಯಿತು. ಅಗಲವಾದ, ನುಣುಪಾದ ಕಲ್ಲು ಬೇಕು. ರಾಜ್ಯವೆಲ್ಲ ಹುಡುಕಿದರು. ಅಂಥ ಕಲ್ಲು ಇದ್ದದ್ದು ಒಂದೇ ಕಡೆ, ದೊಡ್ಡ ಬಾವಿಯ ಬಾಯಿಯ ಮೇಲೆ. ಆ ಚಪ್ಪಡಿಯ ಅಂಚಿನಲ್ಲಿ ಕೊಡ ಇಳಿಬಿಡುವಷ್ಟು ಸಂದು ಬಿಟ್ಟಿದ್ದರು, ಊರಿನ ಹೆಂಗಸರು ಅಲ್ಲಿಂದಲೇ ನೀರು ಸೇದುತ್ತಿದ್ದರು.

"ನಮ್ಮ ಮುತ್ತಜ್ಜಿ ಹಾಕಿಸಿದ ಕಲ್ಲು. ನಮ್ಮ ವಂಶಕ್ಕಲ್ಲದೆ ಮತ್ಯಾರಿಗೆ?" ಎಂದ ಉದ್ದಂಡರಾಯ. ಮುತ್ತಜ್ಜಿಯ ಹೆಸರಿನಿಂದ ತನ್ನ ಹೆಸರಿನ ತನಕ ಇದ್ದಲ್ಲೇ ಕೆತ್ತಿಸಿ, ಅರಮನೆಯ ಮುಂದೆ ನಿಲ್ಲಿಸಲು ಮುತ್ತಜ್ಜಿಯ ಕಲ್ಲನ್ನೇ ಎತ್ತಿಸಿಬಿಟ್ಟ.

ಕಲ್ಲು ಎದ್ದ ಮರುಗಳಿಗೆ ಗವಿಮಾರನೂ ಎದ್ದ. ತಾಳೆಮರದಷ್ಟು ಎತ್ತರ, ಪಾಚಿ ಕಟ್ಟಿದ ಗಡ್ಡ. ಅವನು ಒಂದು ಸಲ ಉಸಿರು ಬಿಟ್ಟ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸರೆಲ್ಲ ನಿಂತ ನಿಂತಲ್ಲೇ ಹಸಿ ಮಣ್ಣಿನ ಬೊಂಬೆಗಳಾದರು. ಕೊಡ ಎತ್ತುತ್ತಿದ್ದವಳು ಕೊಡ ಎತ್ತಿದಂತೆ, ಮಾತಾಡುತ್ತಿದ್ದವಳು ಬಾಯಿ ತೆರೆದಂತೆ. ಅವರಲ್ಲಿ ಹಗ್ಗ ಹಿಡಿದು ಬಗ್ಗಿದ್ದ ತುಂಗವ್ವನೂ ಇದ್ದಳು.

ಗವಿಮಾರ ಬಾವಿಯ ದಂಡೆಯ ಮೇಲೆ ಕೂತು ಕೂಗಿದ: "ಮಿಂಚಲಿ ನನಗೊಂದು ಕಟ್ಟು ಹಾಕಿದ್ದಾಳೆ. ಅವಳ ಹೊಟ್ಟೆಯ ಕುಡಿ ನನ್ನ ಮುಂದೆ ನಿಂತು, ತನ್ನಿಂದ ಅವಳ ತನಕ ಒಂದು ಹೆಸರೂ ತಪ್ಪದೆ ಹೇಳಿದರೆ ನಾನು ಬಾವಿಗೆ ಇಳಿಯಬೇಕು, ಈ ಬೊಂಬೆಗಳೂ ಎದ್ದು ನಡೆಯುತ್ತವೆ. ಆದರೆ ಒಂದು ಹೆಸರು ಸುಳ್ಳಾದರೂ ಹೇಳಿದವರು ಮಣ್ಣು. ಬನ್ನಿ, ಯಾರಿದ್ದೀರಿ ಅವಳ ಮಕ್ಕಳು?"

ಉದ್ದಂಡರಾಯ ಮೀಸೆ ತಿರುವಿಕೊಂಡು ಬಂದ. ವಂಶಾವಳಿ ಹೇಳುತ್ತಾ ಹೇಳುತ್ತಾ ರಾಣಿಯ ಮಗನ ಹೆಸರಿಗೆ ಬರುವಷ್ಟರಲ್ಲಿ ಕಾಲಿನಿಂದ ಕಿರೀಟದ ತನಕ ಮಣ್ಣಾದ. ಮಂತ್ರಿ ಬಂದ. ಅವನೂ ಮಣ್ಣು. ದಂಡನಾಯಕ ಬಂದ. ಅವನೂ ಮಣ್ಣು. ಆಮೇಲೆ ನೋಡಿ, ಹೊಂಗೋಟೆಯಲ್ಲಿ ರಾಣಿಯ ನೆಂಟರೇ ಇಲ್ಲವಾದರು. "ನಮ್ಮ ಅಜ್ಜ ಬೇರೆ ರಾಜ್ಯದಾವ" ಎಂದು ಒಬ್ಬ, "ನಾವು ಮೊದಲಿಂದ ಮಜ್ಜಿಗಿ ಮಂದಿ" ಎಂದು ಗುರುಪಾದ.

ಬೇಸಿಗೆಯ ಕೊನೆ. ಮುಂಗಾರು ಹತ್ತಿರ ಬಂದಿತ್ತು. ಮಳೆ ಬಂದರೆ ಬೊಂಬೆಗಳು ಕರಗಿ ಹೋಗುವುದು ಚಿಕ್ಕ ಮಕ್ಕಳಿಗೂ ಗೊತ್ತು. ಅವುಗಳನ್ನು ಎತ್ತಲು ಹೋದರೆ ನೆಲಕ್ಕೆ ಅಂಟಿಕೊಂಡಿದ್ದವು. ಸಂಕವ್ವ ಓಡಿಬಂದು ಅವ್ವನ ಮೇಲೆ ಕೌದಿ ಹೊದಿಸಿದಳು. ಗವಿಮಾರ ಉಫ್ ಎಂದ, ಕೌದಿ ಬೂದಿಯಾಯಿತು. ಇನ್ನೊಂದು ಹೊದಿಸಿದಳು. ಅದೂ ಬೂದಿಯಾಯಿತು. ಸಂಕವ್ವ ಅವ್ವನ ಮಣ್ಣಿನ ಕೆನ್ನೆ ಮುಟ್ಟಿ ಅತ್ತಳು. ಕಣ್ಣೀರು ಬಿದ್ದ ಕಡೆ ಮಣ್ಣು ನೆನೆಯಿತು. ಅದನ್ನು ನೋಡಿ ಅಳುವುದನ್ನೂ ನಿಲ್ಲಿಸಿದಳು.

ಹೆಳವಜ್ಜ ಊರ ಹೊರಗಿನ ಆಲದ ಕೆಳಗೆ ಇಳಿದುಕೊಂಡಿದ್ದ. ಸಂಕವ್ವ ಅಲ್ಲಿಗೆ ಹೋದಳು.

"ಅಜ್ಜಾ, ಖರೇ ಹೇಳು. ರಾಣಿ ಮಕ್ಕಳು ಯಾರು?"

ಮುದುಕ ಎತ್ತಿನ ಕೊರಳು ಸವರಿದ. ಆಮೇಲೆ ಹೇಳಿದ: "ನಮ್ಮಜ್ಜ ಸಾಯೂ ಮುಂದ ಒಂದು ಮಾತು ಹೇಳಿದ್ದನವ್ವ. ರಾಣಿಗೆ ಮಗಾನ ಇರಲಿಲ್ಲ. ಒಬ್ಬಾಕಿ ಮಗಳಿದ್ಲು, ಅಷ್ಟ. ನಮ್ಮ ಹಾಡಿನ್ಯಾಗ ಹೆಣ್ಣಮಕ್ಕಳ ಹೆಸರು ಬರೂದಿಲ್ಲ. ಅದನ್ನ ಯಾರೂ ಕೇಳೂದೂ ಇಲ್ಲ. ಆ ಮಗಳು ಎಲ್ಲಿ ಹೋದ್ಲು, ಆಕಿ ಮಕ್ಕಳು ಯಾರು, ನನಗ ಗೊತ್ತಿಲ್ಲ."

"ಹಂಗಾದ್ರ ಆಕಿ ರಕ್ತ ಯಾರದೋ ಅವ್ವನ ಕಡೆಯಿಂದ ಬಂದಿರಬೇಕು."

"ಹೌದವ್ವ. ಯಾರದರ ಇರಬಹುದು. ನನ್ನದೂ ಇರಬಹುದು."

ಸಂಕವ್ವ ಸೆರಗು ಸೊಂಟಕ್ಕೆ ಬಿಗಿದಳು. "ನನಗ ಗೊತ್ತಿರೂದು ನಮ್ಮವ್ವನ ತವರಿನ ದಾರಿ ಒಂದ. ಅಲ್ಲಿಂದ ಕೇಳ್ಕೋತ ಹೋಗ್ತೀನಿ. ಆ ಕುಡಿ ಎಲ್ಲಿದ್ರೂ ಹುಡುಕಿ, ಕಾಲು ಹಿಡಿದಾದ್ರೂ ಕರಕೊಂಡು ಬರ್ತೀನಿ."

ಹೆಳವಜ್ಜ ಅವಳ ತಲೆ ಮೇಲೆ ಕೈ ಇಟ್ಟು ಕಳಿಸಿಕೊಟ್ಟ.

ತುಂಗವ್ವನ ತವರು ಹೊಳೆಯಾಚೆ. ಅಜ್ಜಿ ಮಾಳವ್ವ ತೀರಿಕೊಂಡ ಮೇಲೆ ಹೊಳೆ ಉಕ್ಕಿ ಊರನ್ನೇ ನುಂಗಿತ್ತು. ಗುಡಿಸಲುಗಳೆಲ್ಲ ಹೋಗಿ ಒಂದು ಮನೆಯ ಹೊಸ್ತಿಲು ಮಾತ್ರ ಉಳಿದಿತ್ತು. ಆ ಹೊಸ್ತಿಲಿಗೆ ಅಡ್ಡಲಾಗಿ ಒಂದು ಮುದಿ ಮೊಸಳೆ ಮಲಗಿತ್ತು.

"ಯಾರು?" ಎಂದಿತು ಮೊಸಳೆ.

"ಮಾಳವ್ವನ ಮೊಮ್ಮಗಳು, ತುಂಗವ್ವನ ಮಗಳು. ಅಜ್ಜಿ ಯಾವ ಊರಿಂದ ಬಂದಾಕಿ ಅಂತ ಕೇಳಾಕ ಬಂದೀನಿ."

"ಹಂಗ ಹೇಳಿದವರನ್ನೆಲ್ಲ ನಂಬಿದ್ರ ನಾ ಎಂದೋ ಉಪವಾಸ ಸಾಯ್ತಿದ್ದೆ. ಇಲ್ಲಿ ಕಾಲಿಡು." ಮೊಸಳೆ ಬಾಲ ಸರಿಸಿತು. ಹೊಸ್ತಿಲ ಮುಂದೆ ಒಣಗಿದ ಮಣ್ಣಿನಲ್ಲಿ ಒಂದು ಹೆಜ್ಜೆ ಮೂಡಿತ್ತು. "ನಮ್ಮ ಕಡೆ ಮಗಳು ಗಂಡನ ಮನಿಗೆ ಹೊಂಟಾಗ ಹೊಸ್ತಿಲ ಮುಂದ ಹಸಿ ಮಣ್ಣು ಹಾಕಿ ಹೆಜ್ಜಿ ಇಡಸ್ತಾರ. ಮಗಳು ಹೋದ್ರೂ ಹೆಜ್ಜಿ ತವರಿನ್ಯಾಗ ಇರಲಿ ಅಂತ. ಇದು ತುಂಗವ್ವನ ಹೆಜ್ಜಿ, ಹೊಳಿ ಉಕ್ಕಿದಾಗ ನಾನ ಮ್ಯಾಲ ಮಲಗಿ ಉಳಿಸೀನಿ. ನೀ ಆಕಿ ಮಗಳಾದ್ರ ನಿನ್ನ ಪಾದ ಹೊಂದತೈತಿ. ಇಲ್ಲಾಂದ್ರ ನನಗ ಊಟ."

ಸಂಕವ್ವ ಹುಟ್ಟಿದಾಗಿನಿಂದ ಯಾರ ಎದುರೂ ನೆರಿಗೆ ಎತ್ತಿದವಳಲ್ಲ. ಈಗ ಎತ್ತಿದಳು. ಪಾದವನ್ನು ಹೆಜ್ಜೆಯೊಳಗೆ ಇಟ್ಟಳು. ಹಿಮ್ಮಡಿಯಿಂದ ಕಿರುಬೆರಳ ತನಕ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿತು. ಅವ್ವ ಮದುವಣಗಿತ್ತಿಯಾಗಿ ನಿಂತ ಜಾಗದಲ್ಲೇ ಈಗ ಮಗಳೂ ನಿಂತಿದ್ದಳು.

"ನಮ್ಮನಿ ಪಾದ!" ಎಂದು ಮೊಸಳೆ ಬಾಯಿ ಅಗಲಿಸಿತು. "ಮುಚ್ಚಿಕೊಂಡು ಯಾಕ ಅಡ್ಡಾಡ್ತಿ ಹುಚ್ಚಿ? ಮಾಳವ್ವ ಈ ಪಾದ ಊರಿ ನಿಂತ್ರ ಹೊಳಿ ಆಕಿನ್ನ ಎಳಿತಿರಲಿಲ್ಲ. ಆಕಿ ತವರು ಹುಲಿಕಾನಿನ್ಯಾಗ. ಬೆನ್ನ ಮ್ಯಾಲ ಕೂಡು, ದಂಡಿಗೆ ಬಿಡ್ತೀನಿ."

ಹುಲಿಕಾನಿನಲ್ಲಿ ಒಂದು ದೊಡ್ಡ ಹುಣಸೆಮರ, ಅದರ ಕೆಳಗೆ ಚಿನ್ನದ ಪಟ್ಟೆಯ ಹುಲಿ.

"ಮಾಳವ್ವನ ಅವ್ವ ಯಾರು? ಆಕಿ ತವರು ಎಲ್ಲಿ?" ಎಂದು ಕೇಳಿದಳು ಸಂಕವ್ವ.

"ಹೇಳೂದಿಲ್ಲ. ಹೋಗು."

"ಹೇಳೂತನಕ ಏಳೂದಿಲ್ಲ" ಎಂದು ಸಂಕವ್ವ ಅಲ್ಲೇ ಕೂತಳು.

ಹುಲಿ ಗರ್ಜಿಸಿತು. ಮರದ ಹುಣಸೆಕಾಯಿಗಳೆಲ್ಲ ಉದುರಿದವು. ಸಂಕವ್ವ ಒಂದು ಕಾಯಿ ಎತ್ತಿಕೊಂಡು ಕಚ್ಚಿದಳು. ಹುಲಿ ಅವಳ ಸುತ್ತ ತಿರುಗಿತು, ಮೂಗಿನ ಹತ್ತಿರ ಮೂಗು ತಂದು ಹಲ್ಲು ತೋರಿಸಿತು. ಸಂಕವ್ವ ಏಳಲಿಲ್ಲ. "ಅಲ್ಲಿ ನಮ್ಮವ್ವ ಮಳಿಗೆ ಕರಗಾಕ ನಿಂತಾಳ. ನೀ ತಿಂದ್ರ ತಿನ್ನು. ತಿನ್ನೂಕಿಂತ ಮೊದಲ ಹೆಸರು ಹೇಳು" ಎಂದಳು. ಹೊತ್ತು ಇಳಿಯಿತು, ಮತ್ತೆ ಏರಿತು. ಹುಲಿಗೆ ಹಸಿವಾಯಿತು, ಬೇಟೆಗೆ ಹೋಗೋಣವೆಂದರೆ ಇವಳು ದಾರಿಗೆ ಅಡ್ಡ ಕೂತಿದ್ದಳು.

ಕೊನೆಗೆ ಹುಲಿ ಉಸ್ಸೆಂದು ಅವಳ ಪಕ್ಕದಲ್ಲೇ ಕೂತುಬಿಟ್ಟಿತು. "ಇದ ಮರದ ಕೆಳಗ ಇದ ಜಾಗಾದಾಗ ಮಾಳವ್ವ ಕುಂತಿದ್ಲು. ಮುದುಕನ್ನ ಲಗ್ನ ಆಗು ಅಂದಾಗ, ಒಲ್ಲೆ ಅಂದಾಕಿ ಏಳಲೇ ಇಲ್ಲ. ಕಡೀಕ ಹಿರಿಯರ ಸೋತರು, ಆಕಿ ಮನಸಿಗೆ ಬಂದ ಅಂಬಿಗನಿಗೆ ಕೊಟ್ರು. ಈ ಹಟ ಬ್ಯಾರೆ ಯಾರ ಮನ್ಯಾಗೂ ಹುಟ್ಟೂದಿಲ್ಲ. ಮಾಳವ್ವನ ಅವ್ವ ರೇವಕ್ಕ. ರೇವಕ್ಕನ ತವರು ಮುಗಿಲಗುಡ್ಡದ ತುದ್ಯಾಗ ಐತಿ. ಇನ್ನಾದ್ರೂ ಏಳು ನಮ್ಮವ್ವಾ!"

ಮುಗಿಲಗುಡ್ಡದ ತುದಿ ಹತ್ತುವಾಗ ಸಂಕವ್ವ ಪಶ್ಚಿಮಕ್ಕೆ ನೋಡಿದಳು. ಕಪ್ಪು ಮೋಡ ಕಟ್ಟುತ್ತಿತ್ತು. ಗಾಳಿಯಲ್ಲಿ ಮಣ್ಣಿನ ವಾಸನೆ. ಅವಳು ಓಡಿದಳು. ತುದಿಯಲ್ಲಿ ಕಲ್ಲಿನ ಮನೆ, ಬಾಗಿಲ ಮೇಲೆ ಗಂಡಭೇರುಂಡ ಪಕ್ಷಿ ಕೂತಿತ್ತು. ಒಂದೇ ಮೈ, ಎರಡು ತಲೆ.

"ರೇವಕ್ಕನ ಅವ್ವ ಯಾರು?" ಎಂದಳು ಸಂಕವ್ವ ಏದುಸಿರು ಬಿಡುತ್ತಾ.

"ಉತ್ತರ ಬೇಕಾದ್ರ ಮೊದಲು ನಾವು ಒಂದು ಪ್ರಶ್ನಿ ಕೇಳ್ತೀವಿ" ಎಂದಿತು ಎಡತಲೆ. "ನಾ ಕೇಳ್ತೀನಿ."

"ಹೋದ ಸಲ ನೀನ ಕೇಳಿದ್ದಿ. ಈ ಸಲ ನಂದು" ಎಂದಿತು ಬಲತಲೆ.

"ಹೋದ ಸಲ ಬಂದಿದ್ದು ಆಡು. ಆಡಿಗೆ ಕೇಳಿದ್ದು ಲೆಕ್ಕಕ್ಕಿಲ್ಲ."

"ಆಡು ಉತ್ತರ ಹೇಳ್ತಲ್ಲ! ಮ್ಯಾ ಅಂತು, ನೀ ಸರಿ ಅಂದಿ!"

"ಹಂಗಾದ್ರ ನಾ ಹಾರಿ ಹೋಗ್ತೀನಿ."

"ಹೋಗು! ನಾ ಬರೂದಿಲ್ಲ, ಇಲ್ಲೇ ಇರ್ತೀನಿ!"

ಎಡತಲೆ ಹಾರಲು ಹೋಯಿತು, ಬಲತಲೆ ಬಾಗಿಲ ಚೌಕಟ್ಟನ್ನು ಕೊಕ್ಕಿನಿಂದ ಕಚ್ಚಿ ಹಿಡಿಯಿತು. ಮೈ ನಡುವೆ ತಲೆಕೆಳಗಾಗಿ ಜೋತಾಡಿತು. ಅವ್ವ ಮಣ್ಣಾದಾಗಿನಿಂದ ಸಂಕವ್ವ ತುಟಿ ಬಿಚ್ಚಿ ನಕ್ಕಿರಲಿಲ್ಲ. ನಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡಳು. ಸೆರಗಿಗೆ ತಡೆಯಲಾಗಲಿಲ್ಲ. ನಗೆ ಸಿಡಿಯಿತು. ಗುಡ್ಡ ಅಲುಗಿತು, ಕಲ್ಲುಗಳು ಉರುಳಿದವು, ಎಂದೋ ಮುಚ್ಚಿದ್ದ ಬಾಗಿಲು ತಾನಾಗಿ ತೆರೆಯಿತು.

ಎರಡು ತಲೆಗಳೂ ಜಗಳ ಮರೆತು ಅವಳನ್ನೇ ನೋಡಿದವು.

"ಇನ್ನೊಮ್ಮೆ ನಗವ್ವ" ಎಂದಿತು ಎಡತಲೆ, ಮೆಲ್ಲಗೆ.

"ಬ್ಯಾಡ, ಗುಡ್ಡ ಬೀಳತೈತಿ" ಎಂದಿತು ಬಲತಲೆ. ಅದರ ಕಣ್ಣಲ್ಲಿ ನೀರಿತ್ತು. "ಕೇಳು ತಾಯಿ. ಪ್ರಶ್ನಿ ಬ್ಯಾಡ, ಏನೂ ಬ್ಯಾಡ. ರೇವಕ್ಕನ ಅವ್ವ ನಾಗಲೆ. ನಾಗಲೆ ಹಿಂಗ ನಗತಿದ್ಲು. ಆಕಿ ಒಬ್ಬ ಆನಿ ಪಳಗಿಸಾವನ ಮೆಚ್ಚಿ, ಸಿಂಹಾಸನ ಬ್ಯಾಡ ಅಂತ ಈ ಗುಡ್ಡಕ್ಕ ಬಂದ್ಲು. ಆ ಸಿಂಹಾಸನ ರಾಣಿ ಮೈದುನನ ಮಕ್ಕಳಿಗೆ ಹೋತು."

"ಯಾವ ರಾಣಿ?" ಎಂದಳು ಸಂಕವ್ವ. "ನಾಗಲೆಯ ತವರು ಯಾವುದು?"

"ಹೊಂಗೋಟೆ" ಎಂದವು ಎರಡು ತಲೆಗಳೂ ಒಟ್ಟಿಗೆ. "ಆಕಿ ಅವ್ವ ಮಿಂಚಲದೇವಿ. ಕತ್ತಿ ಹಿಡಿಲಿಲ್ಲ, ಮಂತ್ರ ಹೇಳಲಿಲ್ಲ, ಗವಿಮಾರನ ಮುಂದ ನಿಂತು ನಕ್ಕಳು. ಮಂದಿ ಅಂಜಿದಷ್ಟು ಬೆಳೆಯಾವ ಅವ, ನಕ್ಕಷ್ಟು ಕುಗ್ಗಿ ಬಾವಿಗೆ ಬಿದ್ದ."

ಯಾರ ಕಾಲು ಹಿಡಿದಾದರೂ ಕರೆದು ತರುತ್ತೇನೆ ಎಂದು ಹೊರಟವಳು ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು. ಧೂಳು ಮೆತ್ತಿದ, ಅಗಲವಾದ, ಹುಣಸೆಮರದ ಬೇರಿನಂಥ ಪಾದಗಳು. ಎಂದೂ ಇಲ್ಲದ ಹೆಮ್ಮೆ ಅವಳ ಎದೆ ತುಂಬಿತು.

ಗಂಡಭೇರುಂಡ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಿತು. ಆ ಒಂದು ಸಲ ಎರಡೂ ತಲೆ ಒಂದೇ ದಿಕ್ಕಿಗೆ ನೋಡಿದವು. ಹಿಂದಿನಿಂದ ಮೋಡ ಅಟ್ಟಿಸಿಕೊಂಡು ಬಂತು. ಮಹಾದ್ವಾರದ ಮುಂದೆ ಇಳಿದಾಗ ಮೊದಲ ಹನಿ ಅವಳ ಭುಜದ ಮೇಲೆ ಬಿತ್ತು.

ಊರಿನವರೆಲ್ಲ ಅಲ್ಲಿ ಸೇರಿದ್ದರು. ಸಂಕವ್ವ ನೇರ ಹೋಗಿ ಹೊಸ್ತಿಲ ಮುಂದಿನ ದೊಡ್ಡ ಹೆಜ್ಜೆಯ ಮೇಲಿನ ಹೂಗಳನ್ನು ಸರಿಸಿದಳು.

"ಏ ಸಂಕಿ! ಅದು ರಾಣಿ ಮಗನ ಪಾದ! ತುಳಿಬ್ಯಾಡ!" ಎಂದು ಗುರುಪಾದ ಕಿರುಚಿದ.

"ಇದು ರಾಣಿ ಮಗಳ ಹೆಜ್ಜಿ, ಕಾಕಾ. ತವರು ಬಿಟ್ಟು ಹೊಂಟಾಗ ಇಟ್ಟಿದ್ದು" ಎಂದು ಸಂಕವ್ವ ನೆರಿಗೆ ಎತ್ತಿ ತನ್ನ ಪಾದ ಇಟ್ಟಳು.

ಹಿಮ್ಮಡಿಯಿಂದ ಕಿರುಬೆರಳ ತನಕ ಹೊಂದಿತು. ಹೆಳವಜ್ಜ ಎತ್ತಿನ ಮೇಲಿಂದ ಇಳಿದು ನಿಂತ.

ಹನಿಗಳು ದಪ್ಪವಾಗುತ್ತಿದ್ದವು. ಬಾವಿಕಟ್ಟೆಯಲ್ಲಿ ತುಂಗವ್ವನ ಮಣ್ಣಿನ ಹಣೆಯಿಂದ ಕೆಂಪು ನೀರು ಇಳಿಯತೊಡಗಿತ್ತು. ಸಂಕವ್ವ ಓಡಿಹೋಗಿ ಗವಿಮಾರನ ಮುಂದೆ ನಿಂತಳು.

"ನೀನೂ ನೆಂಟಳೋ?" ಎಂದು ಅವನು ಆಕಳಿಸಿದ.

"ನೆಂಟಳಲ್ಲ, ಮಗಳು" ಎಂದಳು ಸಂಕವ್ವ. "ಕೇಳು. ನಾನು ಸಂಕವ್ವ, ಕೌದಿ ಹೊಲಿಯೂ ತುಂಗವ್ವನ ಮಗಳು. ತುಂಗವ್ವ ಹೊಳಿಗೆ ಅಂಜದ ಮಾಳವ್ವನ ಮಗಳು. ಮಾಳವ್ವ ಹುಲಿಕಾನಿನ ರೇವಕ್ಕನ ಮಗಳು. ರೇವಕ್ಕ ಮುಗಿಲಗುಡ್ಡದ ನಾಗಲೆ ಮಗಳು. ನಾಗಲೆ ಈ ಕೋಟೆ ಮಗಳು, ನಿನ್ನ ಈ ಬಾವಿಗೆ ಇಳಿಸಿದ ಮಿಂಚಲದೇವಿ ಮಗಳು!"

ಗವಿಮಾರ ಉಸಿರು ಬಿಟ್ಟ. ಉಸಿರು ಅವಳ ಸೆರಗನ್ನು ಹಾರಿಸಿ ಹಿಂದಕ್ಕೆ ಹೋಯಿತು, ಒಂದು ಕೂದಲೂ ಮಣ್ಣಾಗಲಿಲ್ಲ. ಅವನ ಮುಖ ಬಿಳಿಚಿತು. ಆ ಕೊನೆಯ ಹೆಸರು ಕಿವಿಗೆ ಬಿದ್ದದ್ದೇ ತಡ, ತಾಳೆಮರದಷ್ಟು ಎತ್ತರದ ಮಾಂತ್ರಿಕ ಎರಡೂ ಕಿವಿ ಮುಚ್ಚಿಕೊಂಡು, ನೀರು ಸೇದುವ ಪುಟ್ಟ ರಾಟೆಯ ಹಿಂದೆ ಬಚ್ಚಿಟ್ಟುಕೊಳ್ಳಲು ಹೋದ. ಮೂಗು ಮಾತ್ರ ರಾಟೆಯ ಮರೆಗೆ ಸಿಕ್ಕಿತು. ಉಳಿದ ಮೈಯೆಲ್ಲ ಹೊರಗಿತ್ತು.

ಸಂಕವ್ವ ನಕ್ಕಳು. ಸೆರಗು ಅಡ್ಡ ಹಿಡಿಯಲಿಲ್ಲ, ಬಾಯಿ ಮುಚ್ಚಲಿಲ್ಲ, ಹೊಟ್ಟೆ ತುಂಬ ನಕ್ಕಳು. ಕೋಟೆಯ ತೆನೆಗಳು ನಡುಗಿದವು, ಊರಿನ ಎಮ್ಮೆಗಳೆಲ್ಲ ಹಗ್ಗ ಹರಿದವು. ಗವಿಮಾರ ತಾಳೆಮರದಿಂದ ಬಾಳೆಗಿಡವಾದ, ಬಾಳೆಗಿಡದಿಂದ ಬದನೆಕಾಯಾದ, ಬದನೆಕಾಯಿಂದ ಸಾಸಿವೆಯಾದ. ಸಾಸಿವೆ ಉರುಳಿ ಬಾವಿಗೆ ಬಿತ್ತು. ಪುಳಕ್ ಎಂಬ ಸದ್ದೂ ಆಗಲಿಲ್ಲ.

ಅದೇ ಗಳಿಗೆಗೆ ಮಳೆ ಜೋರಾಗಿ ಸುರಿಯಿತು. ಬೊಂಬೆಗಳ ಮೇಲಿನ ಮಣ್ಣೆಲ್ಲ ತೊಳೆದುಹೋಗಿ ಒಳಗಿನಿಂದ ಮನುಷ್ಯರು ಬಂದರು. ಕೊಡ ಎತ್ತುತ್ತಿದ್ದವಳು ಕೊಡ ಎತ್ತಿದಳು, ಮಾತಾಡುತ್ತಿದ್ದವಳು ಮಾತು ಮುಗಿಸಿದಳು. ಉದ್ದಂಡರಾಯ ಕಣ್ಣು ಪಿಳಿಪಿಳಿ ಬಿಟ್ಟ. ತುಂಗವ್ವ ಹಗ್ಗ ಬಿಟ್ಟು ಮಗಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಈಗ ಅಳಲು ಏನೂ ಅಡ್ಡಿಯಿರಲಿಲ್ಲ.

ಚಪ್ಪಡಿಯನ್ನು ತಂದು ಮತ್ತೆ ಬಾವಿಗೆ ಮುಚ್ಚಿದರು, ಉದ್ದಂಡರಾಯನ ವಂಶಾವಳಿ ಕೆತ್ತಿದ ಮಗ್ಗುಲು ಕೆಳಗೆ ಮಾಡಿ. ಸಾಸಿವೆಗೆ ಓದಲು ಬೇಕಾದಷ್ಟು ಹೊತ್ತಿತ್ತು. ರಾಜ ನಾಚಿಕೊಂಡು ಕಿರೀಟವನ್ನು ಸಂಕವ್ವನ ಮುಂದೆ ಹಿಡಿದ. "ನಾಗಲೆ ಬ್ಯಾಡ ಅಂದದ್ದು ನನಗ್ಯಾಕ ಬೇಕು? ನೀವ ಇಟ್ಕೋರಿ. ನಮಗ ಕೌದಿ ಅದಾವು" ಎಂದಳು ಅವಳು. ಆವತ್ತಿನಿಂದ ಆ ರಾಜ್ಯದಲ್ಲಿ ಹೆಣ್ಣುಮಕ್ಕಳು ತವರು ಬಿಡುವಾಗ ಹೊಸ್ತಿಲ ಮುಂದೆ ಹೆಜ್ಜೆ ಇಡುವ ಪದ್ಧತಿ ಮತ್ತೆ ಬಂತು. ಹೆಳವಜ್ಜ ಹೊಸ ಹಾಡು ಕಟ್ಟಿದ. "ಇಂಥಾಕಿ ಮಗಳು ಇಂಥಾಕಿ" ಎಂದು ಅವನು ಹಾಡಿದರೆ ಹೆಂಗಸರು ಮೊರ ತುಂಬ ಕಾಳು ತಂದು ಸುರಿಯುತ್ತಿದ್ದರು. ಗುರುಪಾದ ತನ್ನ ಅವ್ವನ ಅವ್ವನ ತವರು ಹುಡುಕುತ್ತಾ ಹೊರಟವನು ಎಲ್ಲಿಗೆ ಮುಟ್ಟಿದನೋ ಗೊತ್ತಿಲ್ಲ. ಮಜ್ಜಿಗೆ ಮಾತ್ರ ಸ್ವಲ್ಪ ಗಟ್ಟಿಯಾಯಿತು. ಹೊಂಗೋಟೆಯಲ್ಲಿ ಕೆರೆ ತುಂಬಿತು, ಕಣಜ ತುಂಬಿತು, ನಕ್ಕವರನ್ನು ಯಾರೂ ಗದರಿಸಲಿಲ್ಲ.

ಆ ಸಂಜೆ ಮಳೆ ನಿಂತ ಮೇಲೆ ತಾಯಿ ಮಗಳು ಮನೆಗೆ ಹೊರಟರು. ಮಹಾದ್ವಾರದ ಹತ್ತಿರ ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ತುಂಗವ್ವ ಅವರ ಮುಂದೆ ತಡೆದು ನಿಂತಳು. ಬಗ್ಗಿ ತನ್ನ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ನೆರಿಗಿ ಮ್ಯಾಲ ಕಟ್ಟವ್ವ ಸಂಕಿ" ಎಂದಳು. "ಮಂದಿಗೆ ಪಾದ ಕಾಣ್ಲಿ."